ಹೆರಿಗೆ ಒಂದು ದಿನದ ಮಾತಲ್ಲ



ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ಕು ಜನ ಸೇರಿರುತ್ತಾರೆ. "ನಮ್ಮ ಮಗಳಿಗೆ ಹೆರಿಗೆಯಾಯಿತು" ಎಂದು ಒಬ್ಬ ತಾಯಿ ಸಂತೋಷದಿಂದ ಹೇಳುತ್ತಾಳೆ. ಆಗ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಯಾವುದು? "ನಾರ್ಮಲ್ಲಾ, ಸಿಸೇರಿಯನ್ನಾ?" ಬಾಣಂತಿ ಹೇಗಿದ್ದಾಳೆ, ಮಗುವಿಗೆ ಯಾವ ಸಂತರ ಹೆಸರಿಡುತ್ತೀರಿ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ.

ನಾರ್ಮಲ್ ಎಂದರೆ ಕೇಳಿದವರ ಮುಖ ಅರಳುತ್ತದೆ. ಸಿಸೇರಿಯನ್ ಎಂದರೆ "ಅಯ್ಯೋ ಪಾಪ" ಎನ್ನುವವರು ಕೆಲವರು. "ಈಗಿನ ಹುಡುಗಿಯರಿಗೆ ನೋವು ತಿನ್ನುವ ತಾಳ್ಮೆ ಎಲ್ಲಿದೆ" ಎನ್ನುವವರು ಕೆಲವರು. "ಅದೇ ಒಳ್ಳೆಯದು ಬಿಡಿ, ದಿನ ಗೊತ್ತು, ಹೊತ್ತು ಗೊತ್ತು" ಎನ್ನುವವರೂ ಇದ್ದಾರೆ. ಹೊಲಿಗೆ ಇನ್ನೂ ಹಸಿಯಾಗಿರುವ ಬಾಣಂತಿಯ ಕಿವಿಗೆ ಈ ಮಾತುಗಳೆಲ್ಲ ಒಂದು ದಿನ ಬಿದ್ದೇ ಬೀಳುತ್ತವೆ.

ಈ ಎರಡು ಪಕ್ಷಗಳೂ ದೇವರ ಹೆಸರನ್ನು ಹೇಳಿಕೊಳ್ಳುತ್ತವೆ. "ದೇಹವನ್ನು ಕೊಟ್ಟ ದೇವರೇ ಹೆರಿಗೆಯನ್ನೂ ಮಾಡಿಸುತ್ತಾನೆ, ಅದರಲ್ಲಿ ಡಾಕ್ಟರಿಗೇನು ಕೆಲಸ" ಎನ್ನುತ್ತದೆ ಒಂದು. "ಡಾಕ್ಟರಿಗೆ ಬುದ್ಧಿ ಕೊಟ್ಟವನೂ ದೇವರೇ, ಅವರು ಹೇಳಿದ ಮೇಲೆ ಮತ್ತೆ ಕೇಳುವುದೇನು" ಎನ್ನುತ್ತದೆ ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಶುಭಸಂದೇಶದ ಬೆಳಕಿನಲ್ಲಿ ಇಂದು ಹುಡುಕೋಣ.

ಬೆತ್ಲೆಹೇಮಿನ ದಾರಿಯಲ್ಲಿ

ಬೆತ್ಲೆಹೇಮ್ ಎಂದ ಕೂಡಲೇ ನಮಗೆ ನೆನಪಾಗುವುದು ಗೋದಲಿ, ಮಾತೆ ಮರಿಯಮ್ಮನವರು, ಬಾಲಯೇಸು. ಆದರೆ ಪವಿತ್ರ ಬೈಬಲಿನಲ್ಲಿ ಆ ಊರಿನ ದಾರಿಯಲ್ಲಿ ನಡೆದ ಇನ್ನೊಂದು ಹೆರಿಗೆಯ ಕಥೆಯೂ ಇದೆ. ಯಕೋಬನ ಪ್ರೀತಿಯ ಹೆಂಡತಿ ರಾಖೇಲಳಿಗೆ ಪ್ರಯಾಣದ ನಡುವೆ ಬೇನೆ ಬಂತು. ಸೂಲಗಿತ್ತಿ ಪಕ್ಕದಲ್ಲಿಯೇ ಇದ್ದಳು, ಧೈರ್ಯ ಹೇಳಿದಳು. ಮಗು ಬೆನ್ಯಮೀನ ಉಳಿದ, ತಾಯಿ ಉಳಿಯಲಿಲ್ಲ. ಆದಿಕಾಂಡದ 35ನೇ ಅಧ್ಯಾಯ ಇದನ್ನು ಮುಚ್ಚಿಡದೆ ಹೇಳುತ್ತದೆ. ರಾಖೇಲಳು ಪಾಪ ಮಾಡಿದ್ದಳೆಂದಾಗಲಿ, ಆಕೆಯ ವಿಶ್ವಾಸ ಕಡಿಮೆಯಾಗಿತ್ತೆಂದಾಗಲಿ ಅಲ್ಲಿ ಒಂದು ಮಾತೂ ಇಲ್ಲ. ಪ್ರಕೃತಿ ದೇವರ ಸೃಷ್ಟಿ, ನಿಜ. ಆದರೆ ಗಾಯಗೊಂಡ ಈ ಲೋಕದಲ್ಲಿ ಅದು ಕೆಲವೊಮ್ಮೆ ಎಡವುತ್ತದೆ. ಎಡವಿದಾಗ ಹಿಡಿಯಲು ಒಂದು ಕೈ ಬೇಕು.

ಅಂಥ ಕೈಗಳನ್ನು ದೇವರು ಎಷ್ಟು ಮೆಚ್ಚುತ್ತಾರೆ ಎಂಬುದನ್ನು ವಿಮೋಚನಾಕಾಂಡದ ಮೊದಲ ಅಧ್ಯಾಯದಲ್ಲಿ ನೋಡುತ್ತೇವೆ. ಗಂಡುಮಕ್ಕಳನ್ನು ಕೊಲ್ಲಬೇಕೆಂಬ ಫರೋಹನ ಆಜ್ಞೆಗೆ ಶಿಫ್ರಾ ಮತ್ತು ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಮಣಿಯಲಿಲ್ಲ. ಅವರು ಅಂಜಿದ್ದು ದೇವರಿಗೆ. ಮೋಶೆಯ ಜನನದ ಕಥೆ ಬರುವ ಮೊದಲೇ ಈ ಇಬ್ಬರು ಹೆಂಗಸರ ಹೆಸರು ಬರುತ್ತದೆ. ಸಿರಾಖನ ಗ್ರಂಥದ 38ನೇ ಅಧ್ಯಾಯವಂತೂ ವೈದ್ಯನನ್ನು ಗೌರವಿಸಬೇಕೆಂದೂ ಮದ್ದು ದೇವರೇ ನೆಲದಿಂದ ಹುಟ್ಟಿಸಿದ್ದೆಂದೂ ಕಲಿಸುತ್ತದೆ. ಕಾಯಿಲೆ ಬಿದ್ದಾಗ ಮೊದಲು ಪ್ರಾರ್ಥಿಸು, ಆಮೇಲೆ ವೈದ್ಯನಿಗೆ ದಾರಿ ಬಿಡು ಎಂಬುದು ಆ ಜ್ಞಾನಿಯ ಬುದ್ಧಿವಾದದ ಸಾರ. ಪ್ರಾರ್ಥನೆಯೋ ವೈದ್ಯವೋ ಎಂಬ ಜಗಳವೇ ಅಲ್ಲಿಲ್ಲ.

"ನೋವಿನಿಂದ ಹೆರಬೇಕೆಂದು ದೇವರೇ ಹವ್ವಳಿಗೆ ಹೇಳಿದ್ದಾರಲ್ಲ, ನೋವು ಕಡಿಮೆ ಮಾಡಿಸಿಕೊಳ್ಳುವುದು ಪಾಪವಲ್ಲವೇ?" ಎಂದು ಕೇಳುವ ಹಿರಿಯರು ಇಂದಿಗೂ ಇದ್ದಾರೆ. ಈ ಪ್ರಶ್ನೆಗೆ ಜಗದ್ಗುರು ಹನ್ನೆರಡನೇ ಪಯಸ್‌ರವರು 1956ರ ಜನವರಿ 8ರಂದು ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತಾ ಸ್ಪಷ್ಟವಾಗಿ ಉತ್ತರ ಕೊಟ್ಟರು. ಆದಿಕಾಂಡದ ಆ ಮಾತು ತಾಯಂದಿರಿಗೆ ಹಾಕಿದ ನಿಷೇಧವಲ್ಲ. ಹೆರಿಗೆಯನ್ನು ಹಗುರ ಮಾಡುವ ಒಳ್ಳೆಯ ಉಪಾಯಗಳನ್ನು ಬಳಸಿಕೊಳ್ಳಲು ಅಡ್ಡಿಯಿಲ್ಲ ಎಂದರು. ಹೊಲದಲ್ಲಿ ಮುಳ್ಳು ಬೆಳೆಯುತ್ತದೆ ಎಂದು ದೇವರು ಆದಾಮನಿಗೆ ಹೇಳಿದರೆಂದು ನಾವು ಕಳೆ ಕೀಳದೆ ಬಿಡುತ್ತೇವೆಯೇ?

ಹಿಂದಿನ ಕಾಲ ಹೊನ್ನಿನ ಕಾಲವಲ್ಲ

"ನಮ್ಮಜ್ಜಿ ಗದ್ದೆಯಲ್ಲಿ ಹೆತ್ತು ಮಗುವನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬಂದಳು" ಎಂಬ ಮಾತನ್ನು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇವೆ. ಅಂಥ ಗಟ್ಟಿ ಹೆಂಗಸರು ಇದ್ದರು, ಅವರಿಗೆ ನೆರವಾದ ಗಟ್ಟಿ ಸೂಲಗಿತ್ತಿಯರೂ ಇದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯೋಣ. ಓದುಬರಹ ಕಲಿಯದ ಆ ತಾಯಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದ ಅವರು ಅದೇ ವರ್ಷ ಡಿಸೆಂಬರ್ 25ರಂದು, ನಾವು ಪ್ರಭುವಿನ ಜನನವನ್ನು ಕೊಂಡಾಡುತ್ತಿದ್ದ ದಿನವೇ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 98ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಅವರ ಕೈಗುಣಕ್ಕೆ ನಾವು ತಲೆಬಾಗಬೇಕು.

ಆದರೆ ಗದ್ದೆಯಿಂದ ಮನೆಗೆ ಬಾರದೆ ಹೋದ ಅಜ್ಜಿಯರ ಕಥೆಯನ್ನು ಹೇಳಲು ಯಾರೂ ಉಳಿದಿಲ್ಲ. ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿ ಬೆಳೆದದ್ದು ಸುಮ್ಮನೆ ಅಲ್ಲ. ತೀರ ಹಳೆಯ ಕಾಲಕ್ಕೆ ಹೋಗಬೇಕಾಗಿಯೂ ಇಲ್ಲ. 2004-06ರ ಲೆಕ್ಕದಂತೆ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಸಜೀವ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, ಆಶಾ ಕಾರ್ಯಕರ್ತೆಯರ ಓಡಾಟ, 108 ವಾಹನ, ಸಮಯಕ್ಕೆ ದೊರೆತ ರಕ್ತ, ಬೇಕಾದಾಗ ನಡೆದ ಶಸ್ತ್ರಚಿಕಿತ್ಸೆ ಇವೆಲ್ಲ ಸೇರಿ ಇದಾಯಿತು. ಉಳಿದ ಪ್ರತಿ ತಾಯಿಯ ಹಿಂದೆ ತಬ್ಬಲಿಯಾಗದೆ ಉಳಿದ ಮಕ್ಕಳಿದ್ದಾರೆ. ಇದನ್ನು ದೇವರ ಕೃಪೆ ಎನ್ನದೆ ಇನ್ನೇನೆನ್ನೋಣ?

ಈ ವಿಷಯದಲ್ಲಿ ನಮ್ಮ ಧರ್ಮಸಭೆಯೂ ದಾರಿ ನಡೆಯುತ್ತಾ ಕಲಿತಿದೆ. ಕನ್ಯಾಸ್ತ್ರೀಯರು ಹೆರಿಗೆ ಮಾಡಿಸುವುದಕ್ಕೆ ಒಂದು ಕಾಲದಲ್ಲಿ ಧರ್ಮಸಭೆಯ ಕಾನೂನಿನಲ್ಲಿಯೇ ತಡೆಯಿತ್ತು. ಆದರೆ ನಮ್ಮ ದೇಶದಲ್ಲಿ ಗಂಡು ವೈದ್ಯರ ಮುಂದೆ ಬರಲಾಗದೆ ಒಳಮನೆಯಲ್ಲಿಯೇ ಹೆಂಗಸರು ಸಾಯುತ್ತಿದ್ದುದನ್ನು ಕಂಡ ಆಗ್ನೆಸ್ ಮೆಕ್ಲಾರೆನ್, ಆನ್ನಾ ಡೆಂಗೆಲ್‌ರಂಥ ವೈದ್ಯೆಯರು ರೋಮಾಪುರಿಯ ಬಾಗಿಲನ್ನು ಬಿಡದೆ ತಟ್ಟಿದರು. 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದಂದು, ಆ ತಡೆ ತೆರವಾಯಿತು. ಇಂದು ಹೆರಿಗೆ ವಾರ್ಡುಗಳಲ್ಲಿ ಕನ್ಯಾಸ್ತ್ರೀ ನರ್ಸುಗಳನ್ನು ಕಾಣುವಾಗ, ಭಾರತದ ತಾಯಂದಿರ ಸಂಕಟವೇ ಆ ಬಾಗಿಲನ್ನು ತೆರೆಸಿತು ಎಂಬುದನ್ನು ನೆನೆಯಬೇಕು.

ಹೀಗಿರುವಾಗ ಮೊಬೈಲಿನ ವಿಡಿಯೋ ನೋಡಿಕೊಂಡು ಮನೆಯಲ್ಲಿಯೇ ಹೆರಿಗೆ ಮಾಡಿಸುತ್ತೇವೆ ಎಂದು ಹೊರಡುವುದು ವಿಶ್ವಾಸವಲ್ಲ. 2018ರ ಜುಲೈಯಲ್ಲಿ ನೆರೆಯ ತಮಿಳುನಾಡಿನ ತಿರುಪ್ಪೂರಿನಲ್ಲಿ ಹಾಗೆ ಮಾಡಹೋಗಿ ಒಬ್ಬ ತಾಯಿ ರಕ್ತಸ್ರಾವದಿಂದ ಪ್ರಾಣ ಬಿಟ್ಟಳು. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಪ್ರಭುವನ್ನು ಕೆಣಕಿದವನು ಯಾರೆಂಬುದು ನಮಗೆ ಗೊತ್ತಿದೆ.

ಕತ್ತಿಗೂ ಒಂದು ಮಿತಿ

ಇನ್ನೊಂದು ಪಕ್ಷವನ್ನೂ ಅಷ್ಟೇ ಪ್ರಾಮಾಣಿಕವಾಗಿ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಭಾರತದ ನೂರು ಹೆರಿಗೆಗಳಲ್ಲಿ 8.5 ಸಿಸೇರಿಯನ್ ಆಗಿದ್ದವು. 2019-21ರಲ್ಲಿ ಅದು 21.5, ನಮ್ಮ ಕರ್ನಾಟಕದಲ್ಲಿ 31.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಹೆಣ್ಣಿನ ದೇಹ ಯಾವ ಗೇಟಿನಿಂದ ಒಳಗೆ ಹೋದರೂ ಒಂದೇ ಅಲ್ಲವೇ? ಇಷ್ಟು ಅಂತರ ಬರೀ ಕಾಯಿಲೆಯಿಂದ ಬರುವಂಥದ್ದಲ್ಲ.

ಒಂದು ನಾಡಿನಲ್ಲಿ ಸಿಸೇರಿಯನ್ ಪ್ರಮಾಣ ನೂರಕ್ಕೆ ಹತ್ತನ್ನು ದಾಟಿದ ಮೇಲೆ, ಇನ್ನಷ್ಟು ಹೆಚ್ಚಿಸಿದರೆ ತಾಯಿ ಮಕ್ಕಳ ಸಾವು ಮತ್ತೆ ಇಳಿಯುತ್ತದೆ ಎನ್ನಲು ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಜೊತೆಗೇ ಇನ್ನೊಂದು ಮಾತನ್ನೂ ಸೇರಿಸಿತು: ಲೆಕ್ಕದ ಗುರಿ ಮುಟ್ಟುವುದು ಮುಖ್ಯವಲ್ಲ, ಅಗತ್ಯವಿರುವ ಪ್ರತಿ ಹೆಂಗಸಿಗೂ ಅದು ಸಿಗಬೇಕು. ಈ ಎರಡನೆಯ ಮಾತನ್ನು ಮರೆತು ಮೊದಲನೆಯದನ್ನು ಮಾತ್ರ ಹಿಡಿದುಕೊಳ್ಳಬಾರದು. ಮಗು ಅಡ್ಡ ಮಲಗಿದ್ದರೆ, ಮಾಸು ಗರ್ಭದ ಬಾಯಿಯನ್ನು ಮುಚ್ಚಿದ್ದರೆ, ಹೊಕ್ಕುಳಬಳ್ಳಿ ಮೊದಲೇ ಜಾರಿದ್ದರೆ, ಮಗುವಿನ ಎದೆಬಡಿತ ಕುಸಿಯುತ್ತಿದ್ದರೆ ಅಲ್ಲಿ ಕತ್ತಿಯೇ ಕರುಣೆ.

ಆದರೆ ಕತ್ತಿ ಬೇರೆ ಕಾರಣಗಳಿಗೂ ಎತ್ತಲ್ಪಡುತ್ತಿದೆ ಎಂಬುದನ್ನು ನಾವು ಬಲ್ಲೆವು. ಹೆದರಿಕೆ ಒಂದು ಕಾರಣ. ಬೇನೆಯಲ್ಲಿ ಕೈಹಿಡಿದು ಕೂರುವವರಿಲ್ಲದ ಒಂಟಿತನ ಒಂದು ಕಾರಣ. "ಬೇಗ ಏನಾದರೂ ಮಾಡಿ ಡಾಕ್ಟ್ರೇ" ಎಂದು ಹೊರಗೆ ನಿಂತು ಒತ್ತಾಯಿಸುವ ನಮ್ಮ ಆತುರ ಒಂದು ಕಾರಣ. ಹಣದ ಲೆಕ್ಕ, ಹೊತ್ತಿನ ಲೆಕ್ಕ ಕೂಡ ಇಲ್ಲವೆನ್ನಲಾಗದು. ನಕ್ಷತ್ರ ನೋಡಿ, ಮುಹೂರ್ತ ಇಡಿಸಿ ಹೆರಿಗೆಗೆ ದಿನ ಗೊತ್ತುಮಾಡುವವರೂ ಇದ್ದಾರೆ. ಮುಹೂರ್ತ ಬೇಡವೆನ್ನುವ ನಮ್ಮವರಲ್ಲಿಯೂ ಹಬ್ಬದ ದಿನವೇ ಮಗು ಬರಲಿ, ಮಾವ ದುಬೈಗೆ ಹೊರಡುವ ಮೊದಲೇ ಬರಲಿ ಎನ್ನುವವರಿಲ್ಲವೇ? ಬರುವ ಅತಿಥಿ ಮಗು. ಅದರ ಶ್ವಾಸಕೋಶ ಮಾಗುವ ಮೊದಲೇ ನಮ್ಮ ಅನುಕೂಲಕ್ಕೆ ಅದನ್ನು ಎಳೆದು ತಂದರೆ ಉಸಿರಾಟದ ತೊಂದರೆ ಅನುಭವಿಸುವುದು ಆ ಅತಿಥಿಯೇ. ಒಮ್ಮೆ ಕೊಯ್ದ ಗರ್ಭಕೋಶಕ್ಕೆ ಮುಂದಿನ ಬಸಿರಿನಲ್ಲಿ ಅಪಾಯ ಹೆಚ್ಚು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ನಾಡು ಮರುಗಿತು; ರಕ್ತನಾಳಕ್ಕೆ ಏರಿಸುವ ದ್ರಾವಣದ ಮೇಲೆ ಸಂಶಯ ಬಂದು ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಶಸ್ತ್ರಚಿಕಿತ್ಸೆ ಎಷ್ಟೇ ಸಾಮಾನ್ಯವಾದರೂ ಅದು ಶಸ್ತ್ರಚಿಕಿತ್ಸೆಯೇ.

ಒಂದೇ ಮದ್ದು, ಎರಡು ಬಗೆ

ಪ್ರಕೃತಿ ಬೇರೆ, ಮದ್ದು ಬೇರೆ ಎಂದು ಗೋಡೆ ಕಟ್ಟುವವರಿಗೆ ಒಂದು ಉದಾಹರಣೆ ಸಾಕು. ಬೇನೆ ಬರಿಸುವುದು, ಹೆರಿಗೆಯ ನಂತರ ಗರ್ಭಕೋಶವನ್ನು ಬಿಗಿದು ರಕ್ತ ನಿಲ್ಲಿಸುವುದು, ಮಗು ಬಾಯಿ ಹಾಕಿದೊಡನೆ ಎದೆಹಾಲು ಇಳಿಸುವುದು ಈ ಮೂರನ್ನೂ ಮಾಡುವುದು ತಾಯಿಯ ದೇಹದಲ್ಲಿಯೇ ಹುಟ್ಟುವ ಆಕ್ಸಿಟೋಸಿನ್ ಎಂಬ ರಸ. 1953ರಲ್ಲಿ ವಿಜ್ಞಾನಿ ವಿನ್ಸೆಂಟ್ ದು ವಿನ್ಯೋ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಂತು. ಮಗು ಹುಟ್ಟಿದ ಕೂಡಲೇ ಅದರ ಒಂದು ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವ ತಡೆದು ತಾಯಿ ಉಳಿಯುತ್ತಾಳೆ. ಅದೇ ಮದ್ದನ್ನು ನಿಗಾ ಇಲ್ಲದೆ, ಹೆರಿಗೆ ಬೇಗ ಮುಗಿಯಲೆಂದು ಏರಿಸಿದರೆ ಮಗುವಿಗೆ ಉಸಿರು ಸಾಲದಂತಾಗಬಹುದು, ಗರ್ಭಕೋಶವೇ ಹರಿಯಬಹುದು. ಮದ್ದು ಒಂದೇ, ಅದನ್ನು ಹಿಡಿದ ಕೈಯಲ್ಲಿ ಪ್ರೀತಿಯಿದೆಯೋ ಅವಸರವಿದೆಯೋ ಎಂಬುದೇ ಬೇರೆ. ಹಾಲು ಬೇಗ ಇಳಿಯಲೆಂದು ಹಸು ಎಮ್ಮೆಗಳಿಗೆ ಇದೇ ಇಂಜೆಕ್ಷನ್ ಚುಚ್ಚುವವರನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ನಮ್ಮ ಬೆಳಗಾವಿಯ ಹಳ್ಳಿಗಳು ಇಡೀ ಲೋಕಕ್ಕೆ ಇನ್ನೊಂದು ಪಾಠ ಕಲಿಸಿದವು. ಅಲ್ಲಿ 1,620 ತಾಯಂದಿರ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಹಳ್ಳಿಯ ಆರೋಗ್ಯ ಸಹಾಯಕಿಯರು ಹೆರಿಗೆಯಾದ ಕೂಡಲೇ ನುಂಗಲು ಕೊಟ್ಟ ಸಣ್ಣ ಮಾತ್ರೆಗಳಿಂದ ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ದೊಡ್ಡ ಯಂತ್ರವಿಲ್ಲ, ಕತ್ತಿಯಿಲ್ಲ. ಹೆರಿಗೆಯನ್ನು ಅದರ ಪಾಡಿಗೆ ನಡೆಯಲು ಬಿಟ್ಟು, ಪಕ್ಕದಲ್ಲಿ ಎಚ್ಚರವಾಗಿ ಕುಳಿತು, ಬೇಕಾದ ಗಳಿಗೆಯಲ್ಲಿ ಬೇಕಾದಷ್ಟೇ ಮಾಡಿದ ಕೈಗಳು ಅವು.

ಮಂಡಿ ಮೊಹಲ್ಲಾದ ಹಳೆಯ ಪುಸ್ತಕಗಳು

ಈಗ ನಮ್ಮ ಮೈಸೂರಿಗೆ ಬರೋಣ. ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ನಮ್ಮ ಮೆಥೊಡಿಸ್ಟ್ ಸಹೋದರರು 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಆಸ್ಪತ್ರೆ ಅದು. ಅಲ್ಲಿನ ನರ್ಸಮ್ಮಂದಿರು 1934ರಿಂದ ಒಂದು ಕೆಲಸವನ್ನು ತಪ್ಪದೆ ಮಾಡುತ್ತಾ ಬಂದರು. ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟರು. ಈ ಲೆಕ್ಕ ಮುಂದೆ ಯಾರಿಗೆ ಬೇಕಾದೀತು ಎಂದು ಅವರಿಗೆ ತಿಳಿದಿರಲಿಲ್ಲ.

ಅರವತ್ತು ವರ್ಷಗಳ ನಂತರ ಸಂಶೋಧಕರು ಆ ಪುಸ್ತಕಗಳನ್ನು ತೆರೆದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಊರಿನಲ್ಲಿಯೇ ಇದ್ದ 517 ಮಂದಿಯನ್ನು ಹುಡುಕಿ ಅವರ ಹೃದಯವನ್ನು ಪರೀಕ್ಷಿಸಿದರು. 1996ರಲ್ಲಿ ಹೊರಬಂದ ಫಲಿತಾಂಶ ಹೀಗಿತ್ತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ; ಮೂರು ಕಿಲೋ ದಾಟಿ ಗುಂಡಗೆ ಹುಟ್ಟಿದವರಲ್ಲಿ ಬರೀ 3. ಮಗುವೂ ಸಣ್ಣದು, ಬಸುರಿಯಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಎಂಬಲ್ಲಿ ಅದು ನೂರಕ್ಕೆ 20ಕ್ಕೆ ಏರಿತ್ತು. ಮುಂದೆ ಅದೇ ಆಸ್ಪತ್ರೆಗೆ 1997-98ರಲ್ಲಿ ಬಂದ ಬಸುರಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಕಂಡುಬಂತು.

ಪ್ರಿಯರೇ, ಈ ಪುಸ್ತಕಗಳು ನಮಗೇನು ಹೇಳುತ್ತವೆ? ಅಜ್ಜಿಯ ತಟ್ಟೆಯಲ್ಲಿ ಅನ್ನ ಕಡಿಮೆಯಾಗಿದ್ದರೆ ಅದರ ಗುರುತು ಮಗನ ಎದೆಯಲ್ಲಿ ಐವತ್ತು ವರ್ಷಗಳಾದರೂ ಉಳಿಯುತ್ತದೆ ಎನ್ನುತ್ತವೆ. ನಾರ್ಮಲ್ಲೋ ಸಿಸೇರಿಯನ್ನೋ ಎಂದು ನಾವು ಜಗಳವಾಡುವುದು ಒಂದು ದಿನದ ಬಗ್ಗೆ. ದೇವರು ತಾಯಿಯ ಗರ್ಭದಲ್ಲಿ ನೇಯುವ ಕೆಲಸ ಒಂಬತ್ತು ತಿಂಗಳಿನದು. ಆ ಒಂಬತ್ತು ತಿಂಗಳು ಅವಳು ಎಲ್ಲರೂ ಉಂಡ ಮೇಲೆ ತಳ ಕೆರೆದು ಉಣ್ಣುತ್ತಿದ್ದರೆ, ಮಾತ್ರೆ ತಪ್ಪಿದರೂ ಕೇಳುವವರಿಲ್ಲದಿದ್ದರೆ, ಕೊನೆಯ ದಿನ "ನಾರ್ಮಲ್ ಆಗಲಿ ದೇವರೇ" ಎಂದು ಹೊತ್ತಿಸುವ ಮೇಣದ ಬತ್ತಿಗೆ ಏನರ್ಥ? ಪ್ರಕೃತಿಯನ್ನು ಗೌರವಿಸುವುದೆಂದರೆ ಕೈಕಟ್ಟಿ ನೋಡುವುದಲ್ಲ. ಅದಕ್ಕೆ ಬೇಕಾದದ್ದನ್ನು ಬೇಕಾದ ಕಾಲಕ್ಕೆ ಒದಗಿಸುವುದು. ಹೀಗೆ ಒದಗಿಸಿದ ಮನೆಯಲ್ಲಿ ಕತ್ತಿಯ ಅಗತ್ಯವೂ ಕಡಿಮೆಯಾಗುತ್ತದೆ; ಅಗತ್ಯ ಬಿದ್ದರೆ ಅದನ್ನು ತಾಳಿಕೊಳ್ಳುವ ಶಕ್ತಿಯೂ ತಾಯಿಗಿರುತ್ತದೆ.

ಮಾತೆ ಮರಿಯಮ್ಮನವರು ಮಾಡಿದ್ದೂ ಇದನ್ನೇ. ವೃದ್ಧಾಪ್ಯದಲ್ಲಿ ಬಸುರಿಯಾದ ಎಲಿಜಬೇತಮ್ಮನ ಸುದ್ದಿ ಕೇಳಿ ಅವರು ಅವಸರದಿಂದ ಬೆಟ್ಟದ ಸೀಮೆಗೆ ಹೊರಟರು. ಹೊಗಳಿಕೆಯ ಗೀತೆ ಹಾಡಿ ಮರುದಿನವೇ ಹಿಂತಿರುಗಲಿಲ್ಲ. ಸುಮಾರು ಮೂರು ತಿಂಗಳು ಅಲ್ಲಿಯೇ ಇದ್ದರೆಂದು ಸಂತ ಲೂಕರು ಬರೆಯುತ್ತಾರೆ. ನೀರು ಸೇದಿ, ಹಿಟ್ಟು ಬೀಸಿ, ಕಾಲು ಒತ್ತಿದ ಮೂರು ತಿಂಗಳು ಅವು ಎಂದು ನಾವು ಧ್ಯಾನಿಸಬಹುದು.

ಸಂತ ಜಿಯಾನ್ನಾ ಕಲಿಸುವ ಪಾಠ

ಇಟಲಿಯ ಸಂತ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಸ್ವತಃ ವೈದ್ಯೆ, ಮಕ್ಕಳ ತಜ್ಞೆ. 1961ರಲ್ಲಿ ನಾಲ್ಕನೆಯ ಮಗುವಿನ ಬಸುರಿಯಾಗಿದ್ದಾಗ ಅವರ ಗರ್ಭಕೋಶದಲ್ಲಿ ಗೆಡ್ಡೆ ಕಾಣಿಸಿತು. ಗರ್ಭಕೋಶವನ್ನೇ ತೆಗೆಸಿದ್ದರೂ ಅದು ಪಾಪವಾಗುತ್ತಿರಲಿಲ್ಲ ಎಂದು ಧರ್ಮಸಭೆಯ ನೀತಿಶಾಸ್ತ್ರಜ್ಞರು ಹೇಳುತ್ತಾರೆ. ಜಿಯಾನ್ನಾ ಗೆಡ್ಡೆಯನ್ನಷ್ಟೇ ತೆಗೆಯಿರಿ, ಮಗುವನ್ನು ಉಳಿಸಿ ಎಂದು ಕೇಳಿಕೊಂಡರು. 1962ರ ಏಪ್ರಿಲ್ 21ರಂದು, ಪವಿತ್ರ ಶನಿವಾರ, ಸಿಸೇರಿಯನ್ ಮೂಲಕ ಹೆಣ್ಣುಮಗು ಹುಟ್ಟಿತು. ಸೋಂಕು ತಗಲಿ ಒಂದು ವಾರದ ನಂತರ, ಏಪ್ರಿಲ್ 28ರಂದು ತಾಯಿ ತೀರಿಕೊಂಡರು. 2004ರ ಮೇ 16ರಂದು ಜಗದ್ಗುರು ಎರಡನೇ ಜಾನ್ ಪಾಲ್‌ರವರು ಅವರನ್ನು ಸಂತರೆಂದು ಘೋಷಿಸಿದಾಗ ಆ ಮಗಳು, ತಾನೂ ವೈದ್ಯೆಯಾಗಿ, ಅಲ್ಲಿ ಹಾಜರಿದ್ದರು.

ಗಮನಿಸಿ: ಒಂದೇ ಬಸಿರಿನಲ್ಲಿ ಎರಡು ಬಾರಿ ಕತ್ತಿಗೆ ಮೈಯೊಡ್ಡಿದ ತಾಯಿ ಈಕೆ. ಸಿಸೇರಿಯನ್ ಆದವಳು ಕಡಿಮೆ ತಾಯಿ ಎನ್ನುವವರು ಈ ಸಂತಳ ಮುಂದೆ ನಿಂತು ಆ ಮಾತನ್ನು ಹೇಳಬಲ್ಲರೇ? ತಾಯ್ತನ ಇರುವುದು ಹೆರಿಗೆಯ ದಾರಿಯಲ್ಲಲ್ಲ, ತನ್ನನ್ನು ಕೊಟ್ಟುಕೊಳ್ಳುವ ಪ್ರೀತಿಯಲ್ಲಿ. ಹಾಗೆಯೇ, ಪ್ರತಿ ತಾಯಿಯೂ ಜಿಯಾನ್ನಾಳಂತೆ ಪ್ರಾಣ ಕೊಡಬೇಕೆಂದು ಹೊರಗಿನವರು ಒತ್ತಾಯಿಸುವ ಹಕ್ಕೂ ಇಲ್ಲ. ಉಡುಗೊರೆಯನ್ನು ಕೊಡಬಹುದು, ವಸೂಲಿ ಮಾಡಲಾಗದು.

ನಮ್ಮ ಮನೆಗಳಲ್ಲಿ

ಹಾಗಾದರೆ ನಾವೇನು ಮಾಡಬೇಕು?

ಅತ್ತೆಯಂದಿರೇ, ತಾಯಂದಿರೇ, ಬಸುರಿಯ ತಟ್ಟೆ ಮೊದಲು ತುಂಬಲಿ. ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ ಎಂದು 2019-21ರ ಸಮೀಕ್ಷೆ ಹೇಳಿದೆ. ಸೊಪ್ಪು, ಕಾಳು, ರಾಗಿ, ಮೊಟ್ಟೆ, ಮೀನು ಮತ್ತು ಐರನ್ ಮಾತ್ರೆ ಇವು ಯಾವ ಹರಕೆಗೂ ಕಡಿಮೆಯಲ್ಲ. ದೋರನಹಳ್ಳಿಯ ಸಂತ ಅಂತೋನಿಯವರಿಗೆ ಹರಕೆ ಹೊರುವುದು ಒಳ್ಳೆಯದು. ತಾಯಿ ಕಾರ್ಡು ಹಿಡಿದು ತಪ್ಪದೆ ತಪಾಸಣೆಗೆ ಹೋಗುವುದು ಆ ಹರಕೆಯನ್ನು ನಡೆಸಿಕೊಟ್ಟಂತೆ. ಬಾಣಂತನದ ಎಣ್ಣೆನೀರು, ಮೆಣಸಿನ ಸಾರು, ಬೆಚ್ಚನೆಯ ಕೋಣೆ ಇರಲಿ. ಆದರೆ ಬಾಣಂತಿಗೆ ಕುಡಿಯಲು ನೀರು ಕೊಡದಿರುವುದು, ಗಿಣ್ಣುಹಾಲನ್ನು ಚೆಲ್ಲಿ ಮಗುವಿಗೆ ಜೇನು ನೆಕ್ಕಿಸುವುದು ಬೇಡ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲೇ ಸಾಕು. ಇದು ಪ್ರಕೃತಿಯೂ ಹೌದು, ವೈದ್ಯವೂ ಹೌದು.

ಗಂಡಂದಿರೇ, ಸಂತ ಜೋಸೆಫರು ಛತ್ರದಲ್ಲಿ ಜಾಗವಿಲ್ಲವೆಂದಾಗ ಮರಿಯಮ್ಮನವರನ್ನು ಬೀದಿಯಲ್ಲಿ ಬಿಟ್ಟು ಹೋಗಲಿಲ್ಲ, ತಲೆ ಮರೆಸುವ ಜಾಗವನ್ನು ಹುಡುಕಿದರು. ಯಾವ ಆಸ್ಪತ್ರೆ, ಯಾವ ವಾಹನ, ರಕ್ತ ಕೊಡುವವರು ಯಾರು ಎಂಬುದನ್ನು ಎಂಟನೇ ತಿಂಗಳಲ್ಲಿಯೇ ಗೊತ್ತುಮಾಡಿಕೊಳ್ಳಿ. ವೈದ್ಯರನ್ನು ಗೌರವದಿಂದ ಕೇಳಿ: "ಈಗ ಶಸ್ತ್ರಚಿಕಿತ್ಸೆ ಯಾಕೆ ಬೇಕು? ತಾಯಿಗೆ ಅಪಾಯವೇ, ಮಗುವಿಗೆ ಅಪಾಯವೇ? ಇನ್ನು ಸ್ವಲ್ಪ ಕಾದರೆ ಏನಾಗುತ್ತದೆ?" ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಉತ್ತರ ಕೇಳಿದ ಮೇಲೆ, ತುರ್ತು ಎಂದರೆ ಒಂದು ನಿಮಿಷವೂ ತಡಮಾಡಬೇಡಿ. ಕಾಯಬಹುದು ಎಂದರೆ ನೀವು ಅವಸರಪಡಿಸಬೇಡಿ. ಮೊದಲ ಹೆರಿಗೆಗೆ ಹೊತ್ತು ಹಿಡಿಯುತ್ತದೆ. ಅಪಾಯದ ಸೂಚನೆಯಿಲ್ಲದಿದ್ದರೆ ಬರೀ ನಿಧಾನವೆಂಬ ಕಾರಣಕ್ಕೆ ಕೈಹಾಕಬಾರದು, ಬೇನೆಯಲ್ಲಿ ಆಕೆಗೆ ಇಷ್ಟವಾದವರೊಬ್ಬರು ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಸಲಹೆ ಕೊಟ್ಟಿದೆ. ಆಸ್ಪತ್ರೆ ಒಪ್ಪಿದರೆ ನೀವೇ ಆಕೆಯ ಕೈ ಹಿಡಿದು ನಿಲ್ಲಿ.

ಹೆರಿಗೆಯಲ್ಲಿ ಬೇಕಾದ ಈ ವಿವೇಕ ಉಳಿದ ಕಾಯಿಲೆಗಳಲ್ಲಿಯೂ ಬೇಕು. ಸಾಧಾರಣ ನೆಗಡಿಗೆ "ಒಂದು ಇಂಜೆಕ್ಷನ್ ಹಾಕಿಬಿಡಿ" ಎಂದು ಪೀಡಿಸುವುದು, ಸುಸ್ತಾದರೆ ಡ್ರಿಪ್ ಕೇಳುವುದು ಒಂದು ತುದಿ. ಎದೆನೋವು ಬಂದರೂ ಗ್ಯಾಸ್ಟ್ರಿಕ್ ಎಂದು ಕಷಾಯ ಕುಡಿದು ಮಲಗುವುದು ಇನ್ನೊಂದು ತುದಿ. ತಾನೇ ಗುಣವಾಗುವುದಕ್ಕೆ ಕಾಲ ಕೊಡುವುದೂ, ಗುಣವಾಗದ್ದನ್ನು ಗುರುತಿಸಿ ಓಡುವುದೂ ದೇವರು ಕೊಟ್ಟ ಬುದ್ಧಿಯ ಕೆಲಸವೇ.

ಕೊನೆಗೆ, ನಮ್ಮ ನಾಲಿಗೆ. ಶಸ್ತ್ರಚಿಕಿತ್ಸೆಯಾದ ತಾಯಿಯೂ, ಇಡೀ ರಾತ್ರಿ ಬೇನೆ ತಿಂದು ಹೆತ್ತ ತಾಯಿಯೂ, ಹೆತ್ತ ಮಗುವನ್ನು ಮಣ್ಣಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಬಂದ ತಾಯಿಯೂ ಒಂದೇ ಪೀಠದ ಮುಂದೆ ಮೊಣಕಾಲೂರುತ್ತಾರೆ. ಮಗುವನ್ನು ಕಳೆದುಕೊಂಡವಳಿಗೆ "ದೇವರ ಚಿತ್ತ" ಎಂದು ಹೇಳಿ ಹೊರಟುಬಿಡಬೇಡಿ. ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ, ಒಂದು ಹೊತ್ತಿನ ಊಟ ತೆಗೆದುಕೊಂಡು ಹೋಗಿ. ಬಾಣಂತಿ ಕಾರಣವಿಲ್ಲದೆ ಅಳುತ್ತಿದ್ದರೆ, ನಿದ್ದೆ ಬಿಟ್ಟಿದ್ದರೆ, ಮಗುವನ್ನು ನೋಡಲೂ ಮನಸ್ಸಿಲ್ಲದಿದ್ದರೆ ಅದನ್ನು ಸೊಕ್ಕು ಎನ್ನಬೇಡಿ. ಅದಕ್ಕೂ ಮದ್ದಿದೆ, ವೈದ್ಯರಿದ್ದಾರೆ.

ಮುಂದಿನ ಭಾನುವಾರ ಅಂಗಳದಲ್ಲಿ ಹೆರಿಗೆಯ ಸುದ್ದಿ ಕೇಳಿದರೆ ಹೀಗೆ ಕೇಳೋಣ: "ತಾಯಿ ಹೇಗಿದ್ದಾಳೆ? ನಾನೇನು ಮಾಡಲಿ?"

ಪ್ರಾರ್ಥಿಸೋಣ: ಜೀವದಾತರಾದ ಸರ್ವೇಶ್ವರಾ, ತಾಯಿಯ ಗರ್ಭದಲ್ಲಿ ನಮ್ಮನ್ನು ರೂಪಿಸಿದವರು ನೀವೇ, ಸೂಲಗಿತ್ತಿಯ ಕೈಗೆ ತಾಳ್ಮೆಯನ್ನು, ವೈದ್ಯರ ಕೈಗೆ ಕುಶಲತೆಯನ್ನು ಕೊಟ್ಟವರೂ ನೀವೇ. ಕಾಯಬೇಕಾದಲ್ಲಿ ಕಾಯುವ ಧೈರ್ಯವನ್ನು, ಓಡಬೇಕಾದಲ್ಲಿ ಓಡುವ ವಿವೇಕವನ್ನು ನಮ್ಮ ಕುಟುಂಬಗಳಿಗೆ ಕರುಣಿಸಿರಿ. ಈ ರಾತ್ರಿ ಮೈಸೂರಿನ ಆಸ್ಪತ್ರೆಗಳಲ್ಲಿ ಬೇನೆಯಲ್ಲಿರುವ ಪ್ರತಿಯೊಬ್ಬ ತಾಯಿಯ ಬಳಿ, ಆಕೆ ಯಾವ ಧರ್ಮದವಳೇ ಆಗಿರಲಿ, ನೀವು ಇರಿ. ಆಮೆನ್.